ಹಿಮನಾಡಿನ ಒಲವು: ಇಗ್ಲೂಲಿಕ್‌ನಲ್ಲಿ ಒಬ್ಬರನ್ನು ಪ್ರೀತಿಸಿದರೆ ಎಷ್ಟು ಜನರ ಜೊತೆ ಸಂಬಂಧ?

ಇಗ್ಲೂಲಿಕ್‌ಗೆ ಹೋಗಲು ರಸ್ತೆಯಿಲ್ಲ. ಕೆನಡಾದ ಉತ್ತರದಲ್ಲಿ, ಫಾಕ್ಸ್ ಬೇಸಿನ್ ಎಂಬ ಕಡಲಿನ ಒಂದು ಪುಟ್ಟ ದ್ವೀಪದ ಮೇಲೆ ಈ ಊರಿದೆ. ಇರುವವರು ಸುಮಾರು 2,000 ಜನ. ವಿಮಾನದಲ್ಲಿ ಬರಬೇಕು. ಸಾಮಾನು ಸರಂಜಾಮಿಗೆ ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದ ಮೇಲೆ ಹಡಗು ಬರುತ್ತದೆ. ನವೆಂಬರ್ ಕೊನೆಯ ಹೊತ್ತಿಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ಮಧ್ಯದಲ್ಲಿ. ಈ ಊರು ಸೇರಿರುವ ನುನಾವುತ್ ಪ್ರಾಂತ್ಯ ಹುಟ್ಟಿದ್ದು 1999ರ ಏಪ್ರಿಲ್ 1ರಂದು. ಅಲ್ಲಿ ಒಟ್ಟು 25 ಊರುಗಳಿವೆ. ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಜನರಲ್ಲಿ ನೂರಕ್ಕೆ 85ರಷ್ಟು ಇನುಯಿಟ್. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಇವರನ್ನೇ ಎಸ್ಕಿಮೋ ಅಂತ ಬರೆದಿದ್ದರು. ಆ ಹೆಸರು ಅಲ್ಲಿನವರಿಗೆ ಇಷ್ಟವಿಲ್ಲ.

ಇವರ ಪ್ರೀತಿ, ಮದುವೆಯ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಹೆಚ್ಚಾಗಿ ಎರಡೇ ಮಾತು. ಮೂಗಿಗೆ ಮೂಗು ಉಜ್ಜುತ್ತಾರಂತೆ. ಬಂದ ಅತಿಥಿಗೆ ಹೆಂಡತಿಯನ್ನೇ ಕೊಡುತ್ತಿದ್ದರಂತೆ. ಎರಡೂ ಅರ್ಧ ನೋಡಿ ಪೂರ್ತಿ ಹೇಳಿದ ಕತೆಗಳು. ನಿಜ ಏನು ಅಂತ ಮುಂದೆ ನೋಡೋಣ. ಅದಕ್ಕಿಂತ ಮುಖ್ಯವಾದ ಎರಡು ವಿಷಯಗಳಿವೆ. ಈ ಊರುಗಳಲ್ಲಿ ಒಬ್ಬರನ್ನು ಪ್ರೀತಿಸುವುದು ಅಂದರೆ ಅವರ ಹಿಂದಿರುವ ದೊಡ್ಡ ಬಂಧುಬಳಗದೊಳಗೆ ಕಾಲಿಡುವುದು. ಇದು ಮೊದಲನೆಯದು. ಹೊರಗಿನಿಂದ ಬಂದ ಪ್ರೇಮಿ ಯಾವಾಗ ಬೇಕಾದರೂ ವಿಮಾನ ಹತ್ತಿ ಹೋಗಬಹುದು, ಅಲ್ಲೇ ಹುಟ್ಟಿದವರು ಹಾಗೆ ಸುಲಭಕ್ಕೆ ಹೋಗಲಾರರು. ಇದು ಎರಡನೆಯದು. ಹಸಿ ಮಾಂಸ, ಚಳಿ, ಭಾಷೆ ಎಲ್ಲವನ್ನೂ ಹೇಗೋ ಹೊಂದಿಸಿಕೊಳ್ಳಬಹುದು. ಜೋಡಿಗಳು ಎಡವುವುದು ಈ ಎರಡು ಕಡೆಯೇ.

ಒಂದು ಹೆಸರಿನ ಹಿಂದೆ ಎಷ್ಟು ಜನ

ಇನುಯಿಟ್ ಮನೆಯಲ್ಲಿ ಮಗು ಹುಟ್ಟಿದರೆ ಸಾಮಾನ್ಯವಾಗಿ ತೀರಿಹೋದವರೊಬ್ಬರ ಹೆಸರಿಡುತ್ತಾರೆ. ಇದು ಸುಮ್ನೆ ನೆನಪಿಗೆ ಇಡುವ ಹೆಸರಲ್ಲ. ಸತ್ತವರ ಸಂಬಂಧಗಳೂ ಹೆಸರಿನ ಜೊತೆಗೇ ಮಗುವಿಗೆ ಬರುತ್ತವೆ. ಒಂದು ಹೆಣ್ಣುಮಗುವಿಗೆ ತಾಯಿಯ ಅಪ್ಪನ ಹೆಸರು ಇಟ್ಟರು ಅಂತಿಟ್ಟುಕೊಳ್ಳಿ. ಆಗ ಹೆತ್ತ ತಾಯಿಯೇ ಆ ಮಗುವನ್ನು "ಅಪ್ಪಾ" ಎಂದು ಕರೆಯಬಹುದು. ಅಜ್ಜಿ ಅದೇ ಮಗುವನ್ನು "ನನ್ನ ಗಂಡ" ಅನ್ನಬಹುದು. ಹೆಸರುಗಳಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಇಗ್ಲೂಲಿಕ್ ಸೀಮೆಯಲ್ಲಿ ಗಂಡಸಿನ ಹೆಸರು ಹೊತ್ತ ಕೆಲವು ಹೆಣ್ಣುಮಕ್ಕಳಿಗೆ ಹುಡುಗರ ಬಟ್ಟೆ ತೊಡಿಸಿ, ಬೇಟೆ ಕಲಿಸಿ ಬೆಳೆಸುತ್ತಿದ್ದರು. ದೊಡ್ಡವಳಾದ ಮೇಲೆ ಅವರು ಹೆಣ್ಣಿನ ಉಡುಪಿಗೆ, ಕೆಲಸಕ್ಕೆ ಬರುತ್ತಿದ್ದರು. ಮಾನವಶಾಸ್ತ್ರಜ್ಞ ಬರ್ನಾರ್ಡ್ ಸಲಾದಿನ್ ದಾಂಗ್ಲೂರ್ ಇದನ್ನು ಅಲ್ಲಿನ ಹಿರಿಯರ ಬಾಯಿಂದ ಕೇಳಿ ದಾಖಲಿಸಿದ್ದಾರೆ.

ಈಗ ಕೆನಡಾದ ದಕ್ಷಿಣದ ನಗರದಿಂದ ಬಂದ ಒಬ್ಬ ಮೇಷ್ಟ್ರು ಇಂಥ ಹುಡುಗಿಯನ್ನು ಪ್ರೀತಿಸಿದ ಅಂದುಕೊಳ್ಳಿ. ಅವನ ಕಣ್ಣಿಗೆ ಅವಳು ಇಪ್ಪತ್ತೈದರ ಒಬ್ಬ ಹೆಣ್ಣುಮಗಳು. ಊರಿನ ಕಣ್ಣಿಗೆ ಅವಳು ಒಬ್ಬರಿಗೆ ಅಪ್ಪ, ಇನ್ನೊಬ್ಬರಿಗೆ ಗಂಡ, ಮತ್ತೊಬ್ಬರಿಗೆ ಅಣ್ಣ. ಬೇಟೆಯ ಮಾಂಸ ಮನೆಗೆ ಬಂದಾಗ ಯಾರ ಯಾರಿಗೆ ಪಾಲು ಹೋಗಬೇಕು, ಯಾವ ಮುದುಕಿಯನ್ನು ಅವಳು ಆಗಾಗ ಹೋಗಿ ನೋಡಿಕೊಂಡು ಬರಬೇಕು ಎನ್ನುವುದರಲ್ಲಿ ಈ ಸಂಬಂಧಗಳ ಲೆಕ್ಕವೂ ಇದೆ. "ನಮ್ಮಿಬ್ಬರಿಗೇ ಅಂತ ಒಂದು ಸಂಜೆ ಬೇಡವಾ" ಎಂದು ಅವನು ಕೇಳುತ್ತಾನೆ. ಅವಳಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸುತ್ತದೆ.

ಯಾರನ್ನು ಮದುವೆಯಾಗಬಹುದು ಎಂಬ ನಿಯಮ ಕೂಡ ಎಲ್ಲ ಕಡೆ ಒಂದೇ ಅಲ್ಲ. ಇದು ಕನ್ನಡದವರಿಗೆ ಬೇಗ ಅರ್ಥವಾಗುವ ಸಂಗತಿ. ನಮ್ಮ ಎಷ್ಟೋ ಮನೆಗಳಲ್ಲಿ ಸೋದರಮಾವನ ಮಗಳು ಮದುವೆಗೆ ಆಗುವ ಹುಡುಗಿ, ಚಿಕ್ಕಪ್ಪನ ಮಗಳು ಮಾತ್ರ ತಂಗಿ, ಅಲ್ವಾ? ಆರ್ಕ್‌ಟಿಕ್‌ನಲ್ಲೂ, ಅಂದರೆ ಭೂಮಿಯ ಈ ಉತ್ತರ ತುದಿಯ ಹಿಮನಾಡಿನಲ್ಲೂ, ಅಂಥ ಗೆರೆಗಳಿದ್ದವು, ಗುಂಪಿನಿಂದ ಗುಂಪಿಗೆ ಬೇರೆ ಜಾಗದಲ್ಲಿ ಎಳೆದಿದ್ದರು ಅಷ್ಟೆ. ಮಾನವಶಾಸ್ತ್ರಜ್ಞ ಡೇವಿಡ್ ಡಾಮಾಸ್ ಈ ಗುಂಪುಗಳನ್ನು ಹೋಲಿಸಿ ನೋಡಿದರು. ಇಗ್ಲೂಲಿಕ್‌ನವರು ಅಕ್ಕ ತಂಗಿ, ಅಣ್ಣ ತಮ್ಮಂದಿರ ಮಕ್ಕಳ ನಡುವೆ ಮದುವೆ ಬೇಡವೇ ಬೇಡ ಎನ್ನುತ್ತಿದ್ದರು. ಪಶ್ಚಿಮಕ್ಕಿರುವ ನೆಟ್‌ಸಿಲಿಕ್ ಗುಂಪಿನವರು ಅಂಥ ಮದುವೆಯನ್ನೇ ಇಷ್ಟಪಟ್ಟು ಮಾಡಿಸುತ್ತಿದ್ದರು. ಹೀಗಾಗಿ "ಆರ್ಕ್‌ಟಿಕ್ ಸಂಸ್ಕೃತಿ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ತಪ್ಪು. ನಾಯಿಗಾಡಿಯಲ್ಲಿ ಕೆಲವು ದಿನ ಹೋದರೆ ಸಿಗುವ ಪಕ್ಕದ ಸೀಮೆಯಲ್ಲೇ ಮದುವೆಯ ನಿಯಮ ಬೇರೆಯಾಗುತ್ತಿತ್ತು.

ತಪ್ಪಿದರೆ ಏನಾಗುತ್ತದೆ ಅಂತ ಹೇಳುವ ಕತೆ ಆಕಾಶದಲ್ಲೇ ಇದೆ. ಕತ್ತಲಲ್ಲಿ ತನ್ನ ಬಳಿ ಬರುವವನು ಯಾರೆಂದು ತಿಳಿಯದ ಒಬ್ಬ ಹುಡುಗಿ ಅವನ ಮುಖಕ್ಕೆ ಮಸಿ ಬಳಿಯುತ್ತಾಳೆ. ಬೆಳಕಿನಲ್ಲಿ ನೋಡಿದರೆ ಮಸಿ ಇರುವುದು ಸ್ವಂತ ತಮ್ಮನ ಮುಖದ ಮೇಲೆ. ಅವಳು ಉರಿಯುವ ಪಂಜು ಹಿಡಿದು ಓಡುತ್ತಾಳೆ, ಅವನು ಬೆನ್ನಟ್ಟುತ್ತಾನೆ. ಓಡುತ್ತ ಓಡುತ್ತ ಅವಳು ಸೂರ್ಯ ಆದಳು, ಅವನು ಚಂದ್ರ ಆದ. ನಾಲ್ಕಾರು ಕುಟುಂಬಗಳು ಮಾತ್ರ ಒಟ್ಟಿಗೆ ಚಳಿಗಾಲ ಕಳೆಯುವ ಜಾಗದಲ್ಲಿ ಈ ಎಚ್ಚರಿಕೆ ಎಷ್ಟು ಬೇಕಾಗಿತ್ತು ಅಂತ ಯೋಚಿಸಿ.

ಹೊಲಿಗೆ, ಸೀಲ್ ಎಣ್ಣೆ, ಬೇಟೆ

ಹಳೆಯ ಕಾಲದಲ್ಲಿ ಮಕ್ಕಳು ಚಿಕ್ಕವರಿದ್ದಾಗಲೇ, ಕೆಲವು ಸಲ ಹುಟ್ಟಿದ ಕೂಡಲೇ, ಯಾರಿಗೆ ಯಾರು ಅಂತ ಎರಡೂ ಕಡೆಯ ಹೆತ್ತವರು ಮಾತು ಕೊಟ್ಟುಬಿಡುತ್ತಿದ್ದರು. ಮದುವೆ ಎಂಬ ಸಮಾರಂಭವೇ ಇರಲಿಲ್ಲ. ಇಬ್ಬರೂ ಒಟ್ಟಿಗೆ ವಾಸ ಶುರು ಮಾಡಿದರೆ ಮುಗಿಯಿತು. ಹುಡುಗ ಕೆಲವು ಕಾಲ ಅತ್ತೆ ಮಾವನ ಮನೆಯಲ್ಲೇ ಇದ್ದು ಬೇಟೆಯಾಡಿ ಕೊಡುವ ಪದ್ಧತಿಯೂ ಹಲವು ಕಡೆ ಇತ್ತು. ಹುಡುಗ ಕೈಲಾಗುವವನೋ ಅಲ್ಲವೋ ಎಂದು ಆ ಮನೆ ಅಳೆಯುತ್ತಿದ್ದುದು ಆಗಲೇ.

ಇದರಲ್ಲಿ ಪ್ರೀತಿ ಎಲ್ಲಿ ಬಂತು ಎಂದು ಕೇಳಬಹುದು. ಉತ್ತರ ಬಟ್ಟೆಯಲ್ಲಿದೆ. ಮೈನಸ್ 40 ಡಿಗ್ರಿಯಲ್ಲಿ ಸೀಲ್ ಎಂಬ ಕಡಲಪ್ರಾಣಿ ಉಸಿರಾಡುವ ಮಂಜುಗಡ್ಡೆಯ ತೂತಿನ ಮುಂದೆ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುವ ಬೇಟೆಗಾರನ ಜೀವ ಅವನ ಹೆಂಡತಿಯ ಹೊಲಿಗೆಯ ಮೇಲೆ ನಿಂತಿತ್ತು. ಕ್ಯಾರಿಬೂ ಎಂಬ ಹಿಮಸಾರಂಗದ ಚರ್ಮದ ಎರಡು ಪದರದ ಅಂಗಿ. ಒಳಪದರದ ಕೂದಲು ಮೈ ಕಡೆಗೆ, ಹೊರಪದರದ್ದು ಹೊರಗಡೆಗೆ. ಸೀಲ್ ಚರ್ಮದ ಬೂಟಿಗೆ ಸ್ನಾಯುವಿನ ದಾರದಲ್ಲಿ ನೀರು ಒಳಗೆ ಬರದಂಥ ಹೊಲಿಗೆ. ಒಂದು ಹೊಲಿಗೆ ಬಿಟ್ಟರೆ ಕಾಲು ಒದ್ದೆ. ಕಾಲು ಒದ್ದೆಯಾದರೆ ಬೆರಳು ಹೋದಂತೆ, ಜೀವ ಹೋದರೂ ಹೋದೀತು. ಇತ್ತ ಅವನು ಸೀಲ್ ತಂದರೆ ಮಾತ್ರ ಮನೆಯಲ್ಲಿ ಕುಲ್ಲಿಕ್ ಉರಿಯುತ್ತಿತ್ತು. ಕುಲ್ಲಿಕ್ ಎಂದರೆ ಅರ್ಧಚಂದ್ರದ ಆಕಾರದ ಕಲ್ಲಿನ ದೀಪ. ಸೀಲ್ ಕೊಬ್ಬು ಅದರ ಎಣ್ಣೆ, ಹಾವಸೆ, ಒಣಹುಲ್ಲಿನ ಹತ್ತಿ ಅದರ ಬತ್ತಿ. ಬೆಳಕು, ಬಿಸಿ, ಅಡುಗೆ, ಕುಡಿಯುವ ನೀರು ಎಲ್ಲವೂ ಆ ದೀಪದಿಂದಲೇ. ಅದನ್ನು ನಂದದಂತೆ ನೋಡಿಕೊಳ್ಳುವುದು ಹೆಂಗಸಿನ ಕೈಚಳಕ.

ಇಂಥ ಬದುಕಿನಲ್ಲಿ "ನಿನ್ನನ್ನು ಪ್ರೀತಿಸುತ್ತೇನೆ" ಎಂದು ದಿನಾ ಹೇಳುವ ಅಗತ್ಯ ಯಾರಿಗಿತ್ತು? ಒಣಗಿಸಿ, ಹದ ಮಾಡಿ, ಮೆತ್ತಗಾಗುವಂತೆ ಅಗಿದು ಇಟ್ಟ ಬೂಟು ಬೆಳಗ್ಗೆ ಕೈಗೆ ಸಿಗುತ್ತಿತ್ತು. ಮಾಂಸದ ಒಳ್ಳೆಯ ತುಂಡು ಹೆಂಡತಿಯ ಪಾಲಿಗೆ ಬರುತ್ತಿತ್ತು. ಇವತ್ತಿಗೂ ಅಲ್ಲಿ ಹೊಸ ಪಾರ್ಕಾ (ಟೋಪಿ ಸೇರಿದ ದಪ್ಪ ಚಳಿಯಂಗಿ) ಹೊಲಿದು ಕೊಡುವುದು ದೊಡ್ಡ ಮಾತು. ಬಾಯಿಮಾತಿಗೆ ಕಾದು ಕೂತ ಹೊರಗಿನವರು, ತಮ್ಮ ಅಳತೆಗೆ ಸರಿಯಾಗಿ ಹೊಲಿದ ಕೈಗವಸು ಕೈಯಲ್ಲಿದ್ದರೂ ಅದರಲ್ಲಿ ಪ್ರೀತಿ ಕಾಣದೆ ಹೋಗುವುದು ನನಗೆ ತುಂಬಾ ಬೇಸರ ತರಿಸುವ ಸಂಗತಿ.

ಹಾಗಂತ ಹಿರಿಯರು ಕೊಟ್ಟ ಮಾತಿಗೂ ಮನಸ್ಸಿಗೂ ಜಗಳವೇ ಇರಲಿಲ್ಲ ಎಂದಲ್ಲ. ಇಗ್ಲೂಲಿಕ್‌ನಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಅಟನಾರ್ಜುಆಟ್ ಎಂಬ ವೇಗದ ಓಟಗಾರನ ಕತೆಯಿದೆ. ಊರಿನವರೇ ಆದ ಜಕಾರಿಯಾಸ್ ಕುನುಕ್ ಮತ್ತು ಗೆಳೆಯರು ಅದನ್ನು ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲೇ ಸಿನಿಮಾ ಮಾಡಿದರು. 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಚೊಚ್ಚಲ ಚಿತ್ರದ ದೊಡ್ಡ ಪ್ರಶಸ್ತಿ ಬಂತು. ಚಿಕ್ಕಂದಿನಲ್ಲೇ ಒಬ್ಬನಿಗೆ ಗೊತ್ತು ಮಾಡಿದ ಹುಡುಗಿ ಇನ್ನೊಬ್ಬನನ್ನು ಬಯಸುತ್ತಾಳೆ. ಆ ಸಿನಿಮಾದ ಜಗಳ ಶುರುವಾಗುವುದೇ ಅಲ್ಲಿ.

ಹುಬ್ಬು, ಮೂಗು, ಮೌನ

ಹೊರಗಿನಿಂದ ಬಂದವರು ಮೊದಲು ಕಲಿಯಬೇಕಾದದ್ದು ಮುಖ ಓದುವುದನ್ನು. "ನಾಳೆ ಮೀನು ಹಿಡಿಯಲು ಬರ್ತೀಯಾ?" ಎಂದು ಒಬ್ಬ ಕೇಳುತ್ತಾನೆ. ಅವಳು ಹುಬ್ಬು ಮೇಲಕ್ಕೆತ್ತಿ ಸುಮ್ಮನಾಗುತ್ತಾಳೆ. ಉತ್ತರವೇ ಬರಲಿಲ್ಲ ಎಂದು ಅವನು ಮತ್ತೆ ಕೇಳುತ್ತಾನೆ. ಅವಳು ಮತ್ತೆ ಹುಬ್ಬೆತ್ತುತ್ತಾಳೆ. ಆಗಲೇ ಎರಡು ಸಲ ಹೌದು ಅಂದಾಯಿತು! ಮೂಗು ಸುಕ್ಕು ಮಾಡಿದರೆ ಮಾತ್ರ ಇಲ್ಲ ಎಂದು ಅರ್ಥ.

ಮನೆಗೆ ಹೋಗುವ ಕ್ರಮವೂ ಬೇರೆ. ಪರಿಚಯದವರು ಬಾಗಿಲು ತಟ್ಟುವುದಿಲ್ಲ. ನೇರ ಒಳಗೆ ಬಂದು ಕೂರುತ್ತಾರೆ. ಬಾಗಿಲು ತಟ್ಟಿದರೆ ಪೊಲೀಸರೋ, ದಕ್ಷಿಣದವರೋ ಇರಬೇಕು ಎಂದುಕೊಳ್ಳುತ್ತಾರೆ. ಬಂದವರು ಅರ್ಧ ಗಂಟೆ ಏನೂ ಮಾತಾಡದೆ ಕೂತು ಎದ್ದುಹೋದರೂ ಅದು ಒಳ್ಳೆಯ ಭೇಟಿಯೇ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವುದು ಒರಟುತನ. "ನಿನ್ನ ಮನಸ್ಸಲ್ಲಿ ಏನಿದೆ ಹೇಳು" ಎಂದು ಒತ್ತಾಯ ಮಾಡುವುದಂತೂ ಇನ್ನೂ ಕೆಟ್ಟದ್ದು. ಮನಸ್ಸು ಅವರವರದು. ಅದರೊಳಗೆ ಕೈಹಾಕಬಾರದು. ಮುಂದಿನ ವಾರದ ಯೋಜನೆ ಕೇಳಿದರೆ "ನೋಡೋಣ" ಎಂಬ ಉತ್ತರವೇ ಜಾಸ್ತಿ. ಗಾಳಿ ಹೇಗೆ ಬೀಸುತ್ತದೋ, ಮಂಜುಗಡ್ಡೆ ಹೇಗಿರುತ್ತದೋ ಗೊತ್ತಿಲ್ಲದೆ ಮಾತು ಕೊಡುವವನನ್ನು ಅಲ್ಲಿ ಯಾರೂ ನಂಬುವುದಿಲ್ಲ.

ಕೋಪದ ವಿಷಯದಲ್ಲಿ ಈ ಅಂತರ ತೀರಾ ದೊಡ್ಡದು. ಜೀನ್ ಬ್ರಿಗ್ಸ್ ಎಂಬ ಮಾನವಶಾಸ್ತ್ರಜ್ಞೆ 1963ರಲ್ಲಿ ಬ್ಯಾಕ್ ನದಿ ಕಡಲು ಸೇರುವ ಜಾಗದಲ್ಲಿ ಒಂದು ಇನುಯಿಟ್ ಕುಟುಂಬಕ್ಕೆ ಸಾಕುಮಗಳಾಗಿ ಸೇರಿಕೊಂಡರು. ಇಗ್ಲೂಲಿಕ್‌ನಿಂದ ಅದು ಬಹಳ ದೂರ, ಆದರೆ ಆ ಸಂಯಮ ಇಡೀ ಪ್ರದೇಶದಲ್ಲಿ ಕಾಣುವಂಥದ್ದು. ಒಂದು ಬೇಸಿಗೆ ಮೀನು ಹಿಡಿಯುವ ಮೋಜಿಗೆ ಬಂದ ಬಿಳಿಯರು ಆ ಜನರ ದೋಣಿಯನ್ನು ಕೇಳಿ ಪಡೆದು ಹಾಳುಮಾಡಿದರು. ಆಮೇಲೆ ಉಳಿದ ಇನ್ನೊಂದನ್ನೂ ಕೇಳಿದರು. ಬ್ರಿಗ್ಸ್ ತಮ್ಮ ಮನೆಯವರ ಪರವಾಗಿ ಸಿಡಿದೆದ್ದು ಮಾತಾಡಿದರು. ಮನೆಯವರು ಖುಷಿಪಡಲಿಲ್ಲ. ಮೆಲ್ಲಗೆ ಅವರಿಂದಲೇ ದೂರವಾದರು. ಯಾರೂ ಬೈಯಲಿಲ್ಲ, ಊಟ ತಪ್ಪಿಸಲಿಲ್ಲ. ಅವರ ಗುಡಾರದ ಕಡೆ ಬರುವುದನ್ನು ನಿಲ್ಲಿಸಿದರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಕೋಪ ಮಾಡಿಕೊಳ್ಳುವುದು ಮಕ್ಕಳ ಲಕ್ಷಣ, ಬುದ್ಧಿ ಬಲಿತವರು ಕೋಪ ತೋರಿಸಬಾರದು ಎಂಬುದು ಅವರ ನಂಬಿಕೆ. ಪ್ರೀತಿಯನ್ನು ಅವರು ಮುಖ್ಯವಾಗಿ ಕಾಳಜಿಯಾಗಿ ನೋಡುತ್ತಾರೆ ಎಂದೂ ಬ್ರಿಗ್ಸ್ ಬರೆದರು: ಹಸಿದವರು, ನಡುಗುತ್ತಿರುವವರು, ಚಿಕ್ಕವರು ಎದುರಿಗಿದ್ದಾಗ ಅವರನ್ನು ಕಾಪಾಡಬೇಕು ಅನ್ನಿಸುವುದು.

ಇದನ್ನು ಗಂಡ ಹೆಂಡತಿ ನಡುವೆ ಇಟ್ಟು ನೋಡಿ. ಜಗಳ ಆಡಿ, ಕೂಗಾಡಿ, ಆಮೇಲೆ ರಾಜಿಯಾಗುವುದು ಆರೋಗ್ಯಕರ ಎಂದು ನಂಬಿ ಬೆಳೆದವರು ಒಬ್ಬರು. ದನಿ ಏರಿದ ಕ್ಷಣವೇ ಎದುರಿಗಿರುವವರು ಅಪಾಯದ ಮನುಷ್ಯ ಎಂದು ಕಲಿತು ಬೆಳೆದವರು ಇನ್ನೊಬ್ಬರು. ಒಬ್ಬರ ಮೌನ ಇನ್ನೊಬ್ಬರಿಗೆ ತಿರಸ್ಕಾರವಾಗಿ ಕಾಣುತ್ತದೆ.

ಮೂಗಿನ ವಿಷಯಕ್ಕೆ ಬಂದರೆ, ಉಜ್ಜುವುದು ಎಂಬುದೇ ತಪ್ಪು. ಕುನಿಕ್ ಎಂದರೆ ಮೂಗು ಮತ್ತು ಮೇಲ್ತುಟಿಯನ್ನು ಇನ್ನೊಬ್ಬರ ಕೆನ್ನೆಗೋ ಹಣೆಗೋ ಒತ್ತಿ ಉಸಿರು ಒಳಗೆಳೆದುಕೊಳ್ಳುವುದು. ಹೆಚ್ಚಾಗಿ ಮಕ್ಕಳಿಗೆ, ಮನೆಯವರಿಗೆ ಕೊಡುವ ಮುತ್ತು ಅದು. ಪ್ರೇಮಿಗಳಿಗಷ್ಟೇ ಸೇರಿದ್ದಲ್ಲ.

ಜೋಡಿ ಬದಲಿಸುವ ಪದ್ಧತಿಯ ಬಗ್ಗೆಯೂ ಸರಿಯಾಗಿ ಹೇಳಬೇಕು. ಎರಡು ದಂಪತಿಗಳು ತಮ್ಮೊಳಗೆ ಮಾತಾಡಿಕೊಂಡು ಸ್ವಲ್ಪ ಕಾಲ ಜೋಡಿ ಬದಲಿಸುವುದು ಹಿಂದೆ ಇದ್ದದ್ದು ನಿಜ. ದಾರಿಹೋಕರಿಗೆ ಹೆಂಡತಿಯನ್ನು ಕೊಡುವುದಲ್ಲ ಅದು. ಎರಡು ಕುಟುಂಬಗಳನ್ನು ಜೀವನಪೂರ್ತಿ ಕಟ್ಟಿಹಾಕುವ ಒಪ್ಪಂದ. ಉತ್ತರ ಅಲಾಸ್ಕಾದಲ್ಲಿ ಹೀಗೆ ಸೇರಿದ ಎರಡು ಜೋಡಿಗಳ ಮಕ್ಕಳೆಲ್ಲ ಅಣ್ಣತಮ್ಮ, ಅಕ್ಕತಂಗಿಯರಾಗುತ್ತಿದ್ದರು. ಅವರ ನಡುವೆ ಮದುವೆ ಕೂಡದು. ಬರ ಬಂದ ವರ್ಷ ಇನ್ನೊಂದು ಸೀಮೆಗೆ ಓಡಿಹೋದರೆ ಅಲ್ಲಿ ಒಂದು ಮನೆ ಬಾಗಿಲು ತೆರೆದಿರುತ್ತಿತ್ತು. ಆದರೆ ಇದರಲ್ಲಿ ಹೆಣ್ಣಿನ ಒಪ್ಪಿಗೆ ಎಲ್ಲ ಸಲವೂ ಇತ್ತು ಎಂದು ಹೇಳುವ ಹಾಗಿಲ್ಲ. ಮಿಷನರಿಗಳು ಬಂದ ಮೇಲೆ ಈ ಪದ್ಧತಿ ನಿಂತಿತು. ಹಡಗುಗಳಲ್ಲಿ ಬಂದ ಗಂಡಸರು ಮಾತ್ರ ಅದನ್ನು ತಮಗೆ ಅನುಕೂಲವಾದ ಹಾಗೆ ಅರ್ಥ ಮಾಡಿಕೊಂಡು ಹೋಗಿದ್ದರು.

ಬಂದವರು, ಹೋದವರು

ಹೊರಗಿನವನನ್ನು ನಂಬಿ ಮದುವೆಯಾದ ಹುಡುಗಿಯ ಕತೆ ಇನುಯಿಟ್ ಪುರಾಣದಲ್ಲೇ ಇದೆ. 1883-84ರಲ್ಲಿ ಬ್ಯಾಫಿನ್ ದ್ವೀಪದಲ್ಲಿದ್ದ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋಆಸ್ ಬರೆದುಕೊಂಡ ಸೆಡ್ನಾ ಕತೆ ಅದು. ಯಾವ ಹುಡುಗನನ್ನೂ ಒಪ್ಪದ ಸೆಡ್ನಾಳ ಬಳಿಗೆ ಕಡಲಹಕ್ಕಿಯೊಂದು ಬರುತ್ತದೆ. ಮೆತ್ತನೆಯ ಕರಡಿ ಚರ್ಮದ ಹಾಸಿಗೆ, ಎಂದೂ ಬತ್ತದ ಊಟ, ಎಣ್ಣೆ ತುಂಬಿದ ದೀಪ ಎಲ್ಲವೂ ನಿನಗೆ ಎಂದು ಹಾಡಿ ಕರೆದೊಯ್ಯುತ್ತದೆ. ಹೋಗಿ ನೋಡಿದರೆ ಗಾಳಿ ನುಗ್ಗುವ ಮೀನಿನ ಚರ್ಮದ ಗುಡಾರ. ಬಿಡಿಸಿಕೊಂಡು ಬರಲು ಹೋದ ಅಪ್ಪನೇ ಬಿರುಗಾಳಿಗೆ ಹೆದರಿ ಅವಳನ್ನು ಕಡಲಿಗೆ ನೂಕುತ್ತಾನೆ. ದೋಣಿ ಹಿಡಿದ ಬೆರಳುಗಳನ್ನು ಕತ್ತರಿಸುತ್ತಾನೆ. ಆ ಬೆರಳುಗಳಿಂದಲೇ ಸೀಲ್, ತಿಮಿಂಗಿಲಗಳು ಹುಟ್ಟಿದವು. ಇಗ್ಲೂಲಿಕ್ ಕಡೆಯ ಕತೆಯಲ್ಲಿ ಹುಡುಗಿಯ ಗಂಡ ಒಂದು ನಾಯಿ. ಅವಳ ಮಕ್ಕಳಲ್ಲಿ ಕೆಲವರು ತೇಲಿಹೋಗಿ ಬಿಳಿಯರಾದರು. ಅಂದರೆ ಬಿಳಿಯರೂ ದೂರದ ನೆಂಟರೇ. ಯಾವತ್ತೋ ಒಂದು ದಿನ ವಾಪಸ್ ಬರಬೇಕಾದವರು.

ವಾಪಸ್ ಬಂದವರು ಮಕ್ಕಳನ್ನು ಬಿಟ್ಟು ಹೋದರು. ಉತ್ತರ ಧ್ರುವದ ಹಾದಿ ಹಿಡಿದ ರಾಬರ್ಟ್ ಪಿಯರಿಗೂ ಅವನ ಜೊತೆಗಾರ ಮ್ಯಾಥ್ಯೂ ಹೆನ್ಸನ್‌ಗೂ ವಾಯವ್ಯ ಗ್ರೀನ್‌ಲ್ಯಾಂಡ್‌ನ ಇನುಯಿಟ್ ಹೆಂಗಸರಲ್ಲಿ 1906ರಲ್ಲಿ ಗಂಡುಮಕ್ಕಳು ಹುಟ್ಟಿದರು: ಕಾಲಿ ಮತ್ತು ಅನೌಕಾಕ್. ಅಪ್ಪಂದಿರು 1909ರಲ್ಲಿ ಹೋದವರು ಮರಳಲಿಲ್ಲ. ಮಕ್ಕಳು ಅಪ್ಪನ ದೇಶವನ್ನು ನೋಡಿದ್ದು 1987ರಲ್ಲಿ, ಎಂಬತ್ತರ ಮುದುಕರಾಗಿ.

ರಾಬರ್ಟ್ ಫ್ಲಾಹರ್ಟಿಯ ಕತೆ ಇದಕ್ಕಿಂತ ಕಹಿ. ಇನುಯಿಟ್ ಬದುಕಿನ ಬಗ್ಗೆ ಅವನು ತೆಗೆದ ಸಿನಿಮಾ 1922ರಲ್ಲಿ ಜಗತ್ತನ್ನೆಲ್ಲ ಸುತ್ತಿತು. ಅದನ್ನು ತೆಗೆದದ್ದು ಇನುಕ್ಜುಆಕ್ ಎಂಬ ಕಡೆ. ಅಲ್ಲಿ ಮ್ಯಾಗಿ ನುಜಾರ್ಲುಕ್ತುಕ್ ಎಂಬ ಹೆಣ್ಣಿನಲ್ಲಿ ಅವನಿಗೆ ಜೋಸೆಫೀ ಎಂಬ ಮಗ ಹುಟ್ಟಿದ. ಅಪ್ಪ ಮಗ ಒಮ್ಮೆಯೂ ಭೇಟಿಯಾಗಲಿಲ್ಲ. 1953 ಮತ್ತು 1955ರಲ್ಲಿ ಕೆನಡಾ ಸರ್ಕಾರ ಇನುಕ್ಜುಆಕ್‌ನ ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ಗ್ರೀಸ್ ಫಿಯರ್ಡ್ ಮತ್ತು ರೆಸೊಲ್ಯೂಟ್ ಎಂಬ ಬರಡು ತೀರಗಳಿಗೆ ಸಾಗಿಸಿತು. ಎರಡನೆಯ ಸಲ ಹೋದವರಲ್ಲಿ ಜೋಸೆಫೀ ಕುಟುಂಬವೂ ಇತ್ತು. ಆ ಪುಟ್ಟ ಊರುಗಳಲ್ಲಿ ಮಕ್ಕಳು ದೊಡ್ಡವರಾದಾಗ ಹೊಸ ಸಂಕಟ ಎದುರಾಯಿತು. ಮದುವೆಗೆ ಆಗುವಂಥ, ಸಂಬಂಧಿಕರಲ್ಲದ ಹುಡುಗ ಹುಡುಗಿಯರೇ ಸಿಗುತ್ತಿರಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಜೋಸೆಫೀ ಮಗಳು ಮಾರ್ಥಾ ಫ್ಲಾಹರ್ಟಿ ಮುಂದೆ ಇನುಯಿಟ್ ಹೆಂಗಸರ ರಾಷ್ಟ್ರೀಯ ಸಂಘಟನೆ ಪೌಕ್ಟೂಟಿಟ್‌ನ ಅಧ್ಯಕ್ಷೆಯಾದರು.

ಬಿಟ್ಟು ಹೋಗದವರೂ ಇದ್ದರು. ಡೆನ್ಮಾರ್ಕ್‌ನ ಪೀಟರ್ ಫ್ರಾಯ್ಕನ್ 1910ರಲ್ಲಿ ಕ್ನೂದ್ ರಾಸ್ಮುಸ್ಸೆನ್ ಜೊತೆ ಸೇರಿ ಗ್ರೀನ್‌ಲ್ಯಾಂಡ್‌ನ ಥೂಲೆಯಲ್ಲಿ ವ್ಯಾಪಾರದ ಠಾಣೆ ಹಾಕಿದರು. ಮರುವರ್ಷ ಅಲ್ಲಿನ ನವರಾನ ಎಂಬುವರನ್ನು ಮದುವೆಯಾದರು. ಇಬ್ಬರು ಮಕ್ಕಳಾದರು. 1921ರಲ್ಲಿ ಇಗ್ಲೂಲಿಕ್ ಸೀಮೆಯ ಕಡೆಗೆ ಹೊರಟಿದ್ದ ದೊಡ್ಡ ಅನ್ವೇಷಣಾ ಯಾತ್ರೆಗೆ ಅವರ ಜೊತೆ ನವರಾನ ಕೂಡ ಹೊರಟಿದ್ದರು. ದಾರಿಯಲ್ಲಿ ಉಪೆರ್ನಾವಿಕ್ ಎಂಬಲ್ಲಿ ಫ್ಲೂ ಜ್ವರ ಬಂದು ತೀರಿಕೊಂಡರು. ದೀಕ್ಷಾಸ್ನಾನ ಆಗಿಲ್ಲ ಎಂಬ ಕಾರಣಕ್ಕೆ ಅಲ್ಲಿನ ಚರ್ಚು ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಫ್ರಾಯ್ಕನ್ ತಾವೇ ಹೆಂಡತಿಯನ್ನು ಮಣ್ಣು ಮಾಡಿ ಯಾತ್ರೆ ಮುಂದುವರಿಸಿದರು. ಆ ಇಬ್ಬರ ನಡುವೆ ಹತ್ತು ವರ್ಷ ಅಡ್ಡಬಾರದ ಸಂಸ್ಕೃತಿ, ಹೂಳುವ ದಿನ ಮೂರನೆಯವರಿಂದ ಅಡ್ಡಬಂತು.

ಆಮೇಲೆ ಜೋಡಿಗಳನ್ನು ಅಗಲಿಸಿದ್ದು ಕ್ಷಯರೋಗ. ಪ್ರತಿ ಬೇಸಿಗೆ ಆಸ್ಪತ್ರೆ ಹಡಗು ಬಂದು ಎಕ್ಸ್‌ರೇ ತೆಗೆಯುತ್ತಿತ್ತು. ರೋಗ ಕಂಡರೆ ಅದೇ ಹಡಗಿನಲ್ಲಿ ದಕ್ಷಿಣಕ್ಕೆ ಕರೆದೊಯ್ಯುತ್ತಿದ್ದರು. 1956ರ ಹೊತ್ತಿಗೆ ಕೆನಡಾದ ಏಳು ಇನುಯಿಟ್ ಜನರಲ್ಲಿ ಒಬ್ಬರು ದಕ್ಷಿಣದ ಆಸ್ಪತ್ರೆಯಲ್ಲಿದ್ದರು. ಹೋದವರು ಬದುಕಿದ್ದಾರೋ ಇಲ್ಲವೋ ಎಂಬುದೂ ಎಷ್ಟೋ ಗಂಡ ಹೆಂಡಿರಿಗೆ ವರ್ಷಗಟ್ಟಲೆ ತಿಳಿಯಲಿಲ್ಲ. ಸಮಾಧಿ ಎಲ್ಲಿದೆ ಎಂದು ಹುಡುಕುವ ಕೆಲಸ ಈಗಲೂ ನಡೆದಿದೆ. ಆಗಿನ ಪ್ರಧಾನಿ ಟ್ರೂಡೊ 2019ರಲ್ಲಿ ನುನಾವುತ್‌ನ ರಾಜಧಾನಿ ಇಕಾಲುಯಿಟ್‌ಗೆ ಬಂದು ಕ್ಷಮೆ ಕೇಳಿದರು. ಹೊರಗಿನವರನ್ನು ಮನೆಗೆ ಸೇರಿಸಿಕೊಳ್ಳಲು ಇಲ್ಲಿನ ಅಜ್ಜಿಯರು ಹಿಂದೆಮುಂದೆ ನೋಡಿದರೆ ಅದು ಬರೀ ಹಳೆಯ ಕಾಲದ ಹಟವಲ್ಲ. ಹಡಗು ಹತ್ತಿಸಿ ಕಳಿಸಿದವರ ನೆನಪು ಅವರಿಗೆ ಇನ್ನೂ ಇದೆ.

ಕಾಗದ ಮತ್ತು ಸಂಪ್ರದಾಯ

ಸಮಾರಂಭವಿಲ್ಲದ ಮದುವೆಯನ್ನು ಕೆನಡಾದ ಕಾನೂನು ಮದುವೆ ಎಂದು ಒಪ್ಪುತ್ತದೆಯೇ? ಈ ಪ್ರಶ್ನೆ ಕೋರ್ಟಿಗೆ ಬಂದದ್ದು ನೋವಾ ಎಂಬ ಇನುಕ್ (ಇನುಯಿಟ್ ಜನರಲ್ಲಿ ಒಬ್ಬರನ್ನು ಹೀಗೆನ್ನುತ್ತಾರೆ) ವ್ಯಕ್ತಿ ತೀರಿಕೊಂಡಾಗ. ಅವನ ಹಣ ಹೆಂಡತಿಗೆ ಸೇರಬೇಕೋ ಬೇಡವೋ ಎಂಬ ವ್ಯಾಜ್ಯ. ಇನುಯಿಟ್ ಸಂಪ್ರದಾಯದಂತೆ ಆದ ಮದುವೆಯೂ ಮದುವೆಯೇ ಎಂದು ನ್ಯಾಯಮೂರ್ತಿ ಜಾನ್ ಸಿಸನ್ಸ್ 1961ರಲ್ಲಿ ತೀರ್ಪು ಕೊಟ್ಟರು. ಅದೇ ವರ್ಷ ಇನ್ನೊಂದು ಮೊಕದ್ದಮೆಯಲ್ಲಿ ಸಂಪ್ರದಾಯದ ದತ್ತುವನ್ನೂ ಒಪ್ಪಿದರು. ನನ್ನ ಪ್ರಕಾರ ಈ ಎರಡನೆಯದು ಇವತ್ತಿನ ಪ್ರೇಮಿಗಳಿಗೆ ಇನ್ನೂ ಹತ್ತಿರದ ವಿಷಯ. ಇಲ್ಲಿ ಎಳೆಯ ಜೋಡಿಗೆ ಮಗುವಾದರೆ ಅದನ್ನು ಅಜ್ಜ ಅಜ್ಜಿಯೋ, ಮಕ್ಕಳಿಲ್ಲದ ನೆಂಟರೋ ತಮ್ಮದಾಗಿ ಸಾಕುವುದು ತುಂಬಾ ಸಾಮಾನ್ಯ. ಮಗುವಿಗೆ ಹೆತ್ತವರು ಯಾರು ಎಂಬುದು ಗೊತ್ತಿರುತ್ತದೆ. ಗುಟ್ಟೇನಿಲ್ಲ, ನಾಚಿಕೆಯೂ ಇಲ್ಲ. ದಕ್ಷಿಣದಿಂದ ಬಂದವರಿಗೆ "ನಮ್ಮ ಮೊದಲ ಮಗುವನ್ನು ನಮ್ಮಮ್ಮ ಕೇಳುತ್ತಿದ್ದಾರೆ" ಎಂದು ಹೆಂಡತಿ ಹೇಳಿದರೆ ಎದೆ ಒಡೆಯುತ್ತದೆ. ಕೇಳಿದ ಅತ್ತೆಗೆ ಅದು ಅಳಿಯನನ್ನು ಪೂರ್ತಿ ನಂಬಿ ಹತ್ತಿರ ಮಾಡಿಕೊಳ್ಳುವ ದಾರಿ.

ಹೆಸರುಗಳ ಮೇಲೂ ಸರ್ಕಾರ ಕೈ ಹಾಕಿತ್ತು. ಇನುಯಿಟ್ ಜನರಿಗೆ ಮನೆತನದ ಹೆಸರು ಇರಲಿಲ್ಲ. ಅದಕ್ಕೆ 1941ರಿಂದ ಎಲ್ಲರಿಗೂ ನಂಬರ್ ಕೊರೆದ ಬಿಲ್ಲೆ ಕೊಟ್ಟರು. 1968ರಲ್ಲಿ ಅಬೆ ಓಕ್ಪಿಕ್ ಎಂಬ ಇನುಯಿಟ್ ಮುಖಂಡರಿಗೆ ಊರೂರು ಸುತ್ತಿ ಎಲ್ಲರಿಗೂ ಮನೆತನದ ಹೆಸರು ಆರಿಸಿಕೊಳ್ಳಲು ನೆರವಾಗುವ ಕೆಲಸ ವಹಿಸಿದರು. ಗಂಡನ ಹೆಸರು ಹೆಂಡತಿಗೆ ಅಂಟುವುದು ಶುರುವಾದದ್ದು ಹಾಗೆ.

ಈಗಿನ ಪ್ರೇಮಕ್ಕೆ ಜಾಗವೆಲ್ಲಿ

ಈಗಿನ ಇಗ್ಲೂಲಿಕ್‌ನಲ್ಲಿ ಹೆತ್ತವರು ಗೊತ್ತು ಮಾಡುವ ಮದುವೆ ಕಾಣುವುದಿಲ್ಲ. ಹುಡುಗ ಹುಡುಗಿಯರು ಫೇಸ್‌ಬುಕ್‌ನಲ್ಲಿ ಮಾತಾಡಿಕೊಳ್ಳುತ್ತಾರೆ, ಬೇರೆ ಊರಿನ ಹಾಕಿ ಪಂದ್ಯ, ಕಾಲೇಜು, ಕೆಲಸಗಳಲ್ಲಿ ಭೇಟಿಯಾಗುತ್ತಾರೆ. ಹೊರಗಿನ ಗಾಳಿಯನ್ನು ಈ ಊರು ಕಣ್ಣುಮುಚ್ಚಿ ಒಳಗೆ ಬಿಟ್ಟುಕೊಂಡಿರಲಿಲ್ಲ. 1975ರಲ್ಲಿ ಒಮ್ಮೆ, 1979ರಲ್ಲಿ ಮತ್ತೊಮ್ಮೆ ಮತ ಹಾಕಿ ಟಿವಿ ಬೇಡ ಎಂದರು. ಇನುಕ್ಟಿಟುಟ್ ಭಾಷೆಯ ಕಾರ್ಯಕ್ರಮಗಳು ಬರುವ ಹೊತ್ತಿಗೆ, ಎಂಬತ್ತರ ದಶಕದಲ್ಲಿ ಒಪ್ಪಿಕೊಂಡರು.

ಪ್ರೀತಿಗೆ ಈಗ ಅಡ್ಡಿಯಾಗಿರುವುದು ಮುಖ್ಯವಾಗಿ ಮನೆ. ಉತ್ತರದ ಇನುಯಿಟ್ ನಾಡಿನಲ್ಲಿರುವ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಇಕ್ಕಟ್ಟಾದ ಮನೆಗಳಲ್ಲಿದ್ದಾರೆ ಎನ್ನುತ್ತದೆ 2021ರ ಜನಗಣತಿ. ಮೂರು ತಲೆಮಾರು ಒಂದೇ ಸೂರಿನ ಕೆಳಗೆ, ಹೊಸ ಜೋಡಿ ಹಾಲ್‌ನಲ್ಲಿ ಹಾಸಿಕೊಂಡು ಮಲಗುವುದು ಮಾಮೂಲು. ಬೇರೆ ಹೋಗಲು ಬಾಡಿಗೆ ಮನೆಯೇ ಇಲ್ಲ. ವಸಂತ ಬಂದರೆ ಊರ ಹೊರಗೆ ಗುಡಾರ, ಮರದ ಕೋಣೆಗಳಿಗೆ ಹೋಗುತ್ತಾರೆ. ಜೋಡಿಗಳಿಗೆ ಅದೊಂದು ಬಿಡುಗಡೆ. ಆದರೆ ದಕ್ಷಿಣದಿಂದ ಗುತ್ತಿಗೆಗೆ ಬರುವ ನರ್ಸು, ಮೇಷ್ಟ್ರು, ಪೊಲೀಸರಿಗೆ ಕೆಲಸದ ಜೊತೆ ಮನೆಯೂ ಸಿಗುತ್ತದೆ. ಇಂಥವರನ್ನು ಪ್ರೀತಿಸಿದ ಊರಿನ ಹುಡುಗಿಗೆ ಒಮ್ಮೆಲೇ ಸ್ವಂತ ಕೋಣೆ, ಬಾಗಿಲು, ಚಿಲಕ ಎಲ್ಲ ಸಿಗುತ್ತವೆ. ಗುತ್ತಿಗೆ ಮುಗಿದ ದಿನ, ಅಥವಾ ಪ್ರೀತಿ ಮುಗಿದ ದಿನ, ಎಲ್ಲವೂ ಹೋಗುತ್ತವೆ. ಅವಳು ಮತ್ತೆ ಅಮ್ಮನ ಮನೆಯ ಹಾಲ್‌ಗೆ ಬರಬೇಕು, ಕೆಲವೊಮ್ಮೆ ಮಗುವನ್ನು ಎತ್ತಿಕೊಂಡು. ಮನೆ ಯಾರ ಹೆಸರಲ್ಲಿದೆ ಎನ್ನುವುದು ಸಂಸ್ಕೃತಿಯ ಪ್ರಶ್ನೆಯಂತೆ ಕಾಣುವುದಿಲ್ಲ. ಆದರೆ ಇಬ್ಬರ ನಡುವಿನ ಮಾತಿನಲ್ಲಿ ಯಾರ ದನಿ ಗಟ್ಟಿ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಮನೆಯೊಳಗಿನ ಹೊಡೆತ ಬಡಿತವೂ ನುನಾವುತ್‌ನಲ್ಲಿ ಕೆನಡಾದ ಬೇರೆ ಕಡೆಗಿಂತ ಬಹಳ ಜಾಸ್ತಿ. ಕೋಪ ತೋರಿಸಬಾರದು ಎಂದು ಬೆಳೆದ ಸಮಾಜದಲ್ಲಿ ಇದು ಹೇಗೆ ಬಂತು? ಇಗ್ಲೂಲಿಕ್‌ನ ಕ್ಯಾಥೊಲಿಕ್ ಮನೆಗಳ ಮಕ್ಕಳನ್ನು 1955ರಿಂದ 1969ರವರೆಗೆ ಚೆಸ್ಟರ್‌ಫೀಲ್ಡ್ ಇನ್ಲೆಟ್‌ನ ವಸತಿ ಶಾಲೆಗೆ ವಿಮಾನದಲ್ಲಿ ಒಯ್ದರು. ಅಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆದದ್ದು ಆಮೇಲೆ ಹೊರಬಂತು. ಅಪ್ಪ ಅಮ್ಮ ಹೇಗೆ ಸಂಸಾರ ಮಾಡುತ್ತಾರೆ ಎಂದು ನೋಡುತ್ತಾ ಕಲಿಯಬೇಕಿದ್ದ ವಯಸ್ಸು ಮನೆಯಿಂದ ದೂರ ಕಳೆದುಹೋಯಿತು. ಅದರ ಮೇಲೆ ಇಕ್ಕಟ್ಟು, ಕುಡಿತ, ತಪ್ಪಿಸಿಕೊಂಡು ಹೋಗಲು ರಸ್ತೆಯೇ ಇಲ್ಲದ ಊರು.

ಮಗು ಹುಟ್ಟುವ ಹೊತ್ತಿಗೆ ಇಲ್ಲಿ ಜೋಡಿ ಬೇರೆಯಾಗಬೇಕಾಗುತ್ತದೆ. ಹೆಚ್ಚಿನ ಊರುಗಳಲ್ಲಿ ಹೆರಿಗೆ ಸೌಲಭ್ಯ ಇಲ್ಲ. ಬಸುರಿಯನ್ನು ದಿನ ತುಂಬುವ ಕೆಲವು ವಾರ ಮೊದಲೇ ಇಕಾಲುಯಿಟ್‌ಗೋ, ತೊಡಕಿದ್ದರೆ ದಕ್ಷಿಣದ ಒಟ್ಟಾವಾಗೋ ವಿಮಾನದಲ್ಲಿ ಕಳಿಸುತ್ತಾರೆ. ಗಂಡ ಎಷ್ಟೋ ಸಲ ಊರಲ್ಲೇ ಉಳಿಯುತ್ತಾನೆ. ಯಾರ ಹೆಸರಿಡಬೇಕು ಎಂಬ ಮಾತು ಫೋನಿನಲ್ಲೇ ನಡೆಯುತ್ತದೆ. ಅಪ್ಪ ಹೊರಗಿನವನಾದರೂ ಅಜ್ಜಿ ಸೂಚಿಸಿದ ಹೆಸರನ್ನು ಮಗು ಹೊರುತ್ತದೆ. ಮರುಕ್ಷಣವೇ ಅದಕ್ಕೆ ಊರು ತುಂಬ ನೆಂಟರು.

ಇನುಯಿಟ್ ಜನರಿಗೂ ಕೆನಡಾ ಸರ್ಕಾರಕ್ಕೂ ನುನಾವುತ್ ಒಪ್ಪಂದವಾದದ್ದು 1993ರಲ್ಲಿ. ನೆಲ, ಬೇಟೆ, ಪರಿಹಾರದ ಹಕ್ಕು ಇರುವ ಇನುಯಿಟ್ ಜನರ ಪಟ್ಟಿಯೊಂದನ್ನು ಅದು ಮಾಡಿಸಿತು. ಯಾರು ಇನುಕ್ ಎಂಬುದನ್ನು ತೀರ್ಮಾನಿಸುವುದು ಇನುಯಿಟ್ ರೂಢಿಯ ಪ್ರಕಾರ ಊರಿನವರ ಸಮಿತಿಯೇ. ರಕ್ತದ ಪ್ರಮಾಣವನ್ನು ಅಳೆಯುವ ನಿಯಮ ಅಲ್ಲಿಲ್ಲ. ಅಲ್ಲಿನ ಹೆಣ್ಣನ್ನೋ ಗಂಡನ್ನೋ ಮದುವೆಯಾಗಿ ಇಪ್ಪತ್ತು ವರ್ಷ ಇಗ್ಲೂಲಿಕ್‌ನಲ್ಲೇ ಇದ್ದರೂ ಹೊರಗಿನವರಿಗೆ ಆ ಮದುವೆಯೊಂದರಿಂದಲೇ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ. ಅವರ ಮಗುವಿಗೆ ಸಿಗುತ್ತದೆ.